‘ಗುಜರಿ’ ಅಂದರೆ ಯಾವ ಗುಜರಿ? ಒಂದು ಆಡುಮಾತಿನ ಅರ್ಥಗಳನ್ನು ಬಿಡಿಸಿ ಬರೆಯುವ ಕ್ರಮ

ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಮೆಕ್ಯಾನಿಕ್ ಬೈಕಿನ ಎಂಜಿನ್ ಬಿಚ್ಚಿ ನೋಡಿ ‘ಗುಜರಿ ಆಗಿದೆ ಅಣ್ಣ’ ಎಂದರೆ, ಇನ್ನು ಇದಕ್ಕೆ ದುಡ್ಡು ಸುರಿಯಬೇಡಿ ಎಂದರ್ಥ. ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ‘ಆ ಗುಜರಿ ಇನ್ನೂ ಬರ್ಲಿಲ್ಲ ಮಾರಾಯ’ ಎಂದರೆ ಬಸ್ಸು ಓಡುತ್ತಲೇ ಇದೆ, ಹೇಳಿದವರು ಅದನ್ನೇ ನಂಬಿ ನಿಂತಿದ್ದಾರೆ. ಸಾಗರದ ಕಡೆಯ ಮನೆಯಲ್ಲಿ ಅಟ್ಟ ಗುಡಿಸುವಾಗ ‘ಅದನ್ನ ಗುಜರಿಗೆ ಕೊಡು’ ಎಂದರೆ ನಾಲ್ಕು ಕಾಸು ಬರಲಿ ಎಂಬ ಆಸೆ ಅದರಲ್ಲಿದೆ. ಪತ್ರಿಕೆಯಲ್ಲಿ ‘ವಾಹನ ಗುಜರಿ ನೀತಿ’ ಎಂದು ಓದಿದಾಗ ಅದು ಕಾನೂನಿನ ಮಾತು, ಬೈಗುಳದ ನೆರಳೂ ಇಲ್ಲ.

ನಾಲ್ಕು ಕಡೆಯೂ ಪದ ಒಂದೇ. ‘ಗುಜರಿ = ಹಳೆಯ ಸಾಮಾನು’ ಎಂದು ಒಂದು ಸಾಲಿನಲ್ಲಿ ಬರೆದುಬಿಟ್ಟರೆ ಈ ನಾಲ್ಕರಲ್ಲಿ ಮೂರು ಕಳೆದುಹೋಗುತ್ತವೆ. ಊರಿನ ಪದಗಳನ್ನು ಸಂಗ್ರಹಿಸುವ ಮೇಷ್ಟ್ರು, ವಿದ್ಯಾರ್ಥಿಗಳು, ಹವ್ಯಾಸಿಗಳು ಎಲ್ಲರೂ ಎಡವುವುದು ಇಂಥ ಪದಗಳಲ್ಲೇ. ಅಪರೂಪದ ಹಳೆಯ ಪದವನ್ನು ಯಾರಾದರೂ ಜೋಪಾನವಾಗಿ ಬರೆದಿಡುತ್ತಾರೆ. ದಿನಾ ಬಾಯಲ್ಲಿ ಆಡುವ, ಹಾಳುಮೂಳಿನ ಪದ ಯಾರ ಗಮನಕ್ಕೂ ಬರುವುದಿಲ್ಲ. ಅದಕ್ಕೇ ಈ ಮಾರ್ಗದರ್ಶಿ ‘ಗುಜರಿ’ಯನ್ನು ಮುಂದಿಟ್ಟುಕೊಂಡಿದೆ. ಇದೇ ಕ್ರಮದಲ್ಲಿ ಲಟಾರಿ, ಡಬ್ಬಾ, ಲಡ್ಡು ಮುಂತಾದ ಯಾವ ಪದವನ್ನಾದರೂ ಬಿಡಿಸಬಹುದು.

ಮೊದಲು ಬೇಕಾದ್ದು

ಮೂರು ಇಂಚಿಗೆ ಐದು ಇಂಚಿನ ದಪ್ಪ ಕಾಗದದ ಚೀಟಿಗಳು, ನೂರು. ಪೆನ್ಸಿಲ್ ಅಥವಾ ಬಾಲ್ ಪೆನ್. ಜೆಲ್ ಪೆನ್ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಲೆನಾಡಿನ ತೇವಕ್ಕೆ ಅದರ ಶಾಯಿ ಒಡೆದು, ಅಕ್ಷರದ ಅಂಚು ಕಾಗದದೊಳಗೆ ಹರಡಿಕೊಳ್ಳುತ್ತದೆ. ಚೀಟಿ ಇಡಲು ಮುಚ್ಚಳ ಬಿಗಿಯಾಗಿ ಕೂರುವ ಒಂದು ಸ್ಟೀಲ್ ಡಬ್ಬಿ. ಮೊಬೈಲಿನಲ್ಲೇ ಬರೆದುಕೊಳ್ಳುವವರು ಬರೆದುಕೊಳ್ಳಿ. ಆದರೆ ಮುಂದೆ ಚೀಟಿಗಳನ್ನು ನೆಲದ ಮೇಲೆ ಹರಡಿ ಗುಂಪು ಮಾಡುವ ಹಂತ ಬರುತ್ತದೆ. ಆಗ ಕೈಯಲ್ಲಿ ಹಿಡಿಯುವ ಕಾಗದಕ್ಕೆ ಸಮನಾದದ್ದು ಇಲ್ಲ.

ಒಂದು ಪದಕ್ಕೆ ಕನಿಷ್ಠ ನಲವತ್ತು ಚೀಟಿ ಬೇಕು. ಹತ್ತು ಹದಿನೈದಕ್ಕೆ ನಿಲ್ಲಿಸಿದರೆ ಸಾಮಾನ್ಯವಾಗಿ ಒಂದೇ ಅರ್ಥ ಮತ್ತೆ ಮತ್ತೆ ಬಂದಿರುತ್ತದೆ. ನಲವತ್ತೂ ಒಂದೇ ಜಾಗದಿಂದ ಬಂದರೂ ಅಷ್ಟೇ ಕೇಡು. ಗುಜರಿ ಅಂಗಡಿ, ಗ್ಯಾರೇಜು, ಮನೆ, ಬಸ್‌ಸ್ಟ್ಯಾಂಡು, ಕಚೇರಿ, ಪತ್ರಿಕೆ: ಈ ಆರು ಕಡೆಯಿಂದಲೂ ಆರಾರು ವಾಕ್ಯವಾದರೂ ಇರಲಿ, ಉಳಿದದ್ದು ಸಿಕ್ಕಲ್ಲಿಂದ.

ಕಾಲವನ್ನೂ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಳೆಗೆ ಮುಂಚೆ ಮಾಡಿನ ತಗಡು ಬದಲಾಯಿಸುತ್ತಾರೆ, ಕೊಟ್ಟಿಗೆಯ ಮೂಲೆ ಖಾಲಿ ಮಾಡುತ್ತಾರೆ. ಆಯುಧಪೂಜೆಗೆ ಗಾಡಿ, ಪಂಪು, ಹತಾರ ಎಲ್ಲ ತೊಳೆದು ಸಾಲಾಗಿ ಇಡುವಾಗ ‘ಇದಿನ್ನೂ ಇಟ್ಕೊಂಡಿದೀರಾ?’ ಎಂಬ ಮಾತು ಬಂದೇ ಬರುತ್ತದೆ. ವರ್ಷದ ಉಳಿದ ದಿನ ಕಾದರೂ ಸಿಗದಷ್ಟು ಸಾಲುಗಳು ಈ ಎರಡು ಹೊತ್ತಿನಲ್ಲಿ ಸಿಗುತ್ತವೆ.

ಹಂತ 1: ಪದ ಹಿಡಿಯಬೇಡಿ, ವಾಕ್ಯ ಹಿಡಿಯಿರಿ

‘ಗುಜರಿ ಅಂದ್ರೆ ಏನು?’ ಎಂದು ಯಾರನ್ನೂ ಕೇಳಬಾರದು. ಕೇಳಿದರೆ ಎಲ್ಲರೂ ‘ಹಳೇ ಸಾಮಾನು’ ಎಂದೇ ಹೇಳುತ್ತಾರೆ. ಪದಕ್ಕೆ ಅರ್ಥ ಹೇಳು ಎಂದಾಗ ಜನ ತಮಗೆ ತಿಳಿದದ್ದನ್ನೆಲ್ಲ ಬದಿಗಿಟ್ಟು, ಶಾಲೆಯಲ್ಲಿ ಒಪ್ಪುವಂಥ ಉತ್ತರ ಹುಡುಕುತ್ತಾರೆ. ತಾವು ನಿನ್ನೆ ತಾನೇ ಬಸ್ಸಿಗೆ ಆ ಮಾತು ಆಡಿದ್ದು ಅವರಿಗೇ ನೆನಪಾಗುವುದಿಲ್ಲ.

ಬದಲಿಗೆ ಮಾತು ತಾನಾಗಿ ಬರುವ ಜಾಗದಲ್ಲಿ ಇದ್ದು, ಕೇಳಿದ ವಾಕ್ಯವನ್ನು ಇದ್ದ ಹಾಗೇ ಬರೆದುಕೊಳ್ಳಿ. ‘ಬರಲಿಲ್ಲ’ ಎಂದು ತಿದ್ದಬೇಡಿ, ‘ಬರ್ಲಿಲ್ಲ’ ಎಂದೇ ಇರಲಿ. ಚೀಟಿಯಲ್ಲಿ ಆರು ವಿಷಯ ಸಾಕು: ಪೂರ್ತಿ ವಾಕ್ಯ, ಯಾವ ವಸ್ತುವಿನ ಬಗ್ಗೆ, ಆ ವಸ್ತು ಯಾರದು, ಯಾರು ಯಾರಿಗೆ ಹೇಳಿದ್ದು (ವಯಸ್ಸು, ಕೆಲಸ, ಊರು ಸಾಕು; ಹೆಸರು ಬೇಡ), ತಾರೀಕು, ಆಮೇಲೆ ಆ ವಸ್ತು ಏನಾಯಿತು.

ಕೊನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಆದರೆ ಅರ್ಥ ಅಡಗಿರುವುದೇ ಅಲ್ಲಿ. ‘ಗುಜರಿ’ ಎಂದ ಬೈಕನ್ನು ಮರುದಿನವೂ ಓಡಿಸಿದರೋ, ರಿಪೇರಿ ಮಾಡಿಸಿದರೋ, ತೂಕಕ್ಕೆ ಹಾಕಿದರೋ? ಮೂರಕ್ಕೂ ಬೇರೆ ಬೇರೆ ಅರ್ಥ.

ಹಂತ 2: ಒಂದೇ ವಸ್ತುವನ್ನು ಮೂರು ಬಾಯಲ್ಲಿ ಕೇಳಿ

ಅಡಿಕೆ ತೋಟದ ಮನೆಗಳಲ್ಲಿ ಕೊಳೆ ಔಷಧಿ ಹೊಡೆಯುವ ಹಳೆಯ ಹಿತ್ತಾಳೆ ಪಂಪು ಒಂದಾದರೂ ಮೂಲೆಯಲ್ಲಿ ಇದ್ದೇ ಇರುತ್ತದೆ. ಕೊಳೆ ಔಷಧಿ ಎಂದರೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ: ಮೈಲುತುತ್ತ, ಸುಣ್ಣ ಬೆರೆಸಿದ ನೀರು. ಹೊಡೆದಾದ ಮೇಲೆ ಪಂಪನ್ನು ಒಳ್ಳೆಯ ನೀರಿನಲ್ಲಿ ತೊಳೆದಿಡದಿದ್ದರೆ ಸುಣ್ಣ ಗಟ್ಟಿಯಾಗಿ ವಾಲ್ವಿನ ಬಾಯಿಗೆ ಕೂರುತ್ತದೆ. ಒಳಗಿನ ಚರ್ಮದ ವಾಷರ್ ಒಣಗಿ ಕುಗ್ಗುತ್ತದೆ. ಮುಂದಿನ ಮಳೆಗಾಲ ಹಿಡಿ ಒತ್ತಿದರೆ ಬುಸ್ ಎಂದು ಗಾಳಿ ಬರುತ್ತದೆ, ಒತ್ತಡ ಬರುವುದಿಲ್ಲ.

ತೋಟದ ಯಜಮಾನರು ಹೇಳುತ್ತಾರೆ: ‘ಪಂಪು ಗುಜರಿ ಆಗೋಯ್ತು.’

ರಿಪೇರಿಯವನು ಬಿಚ್ಚಿ ನೋಡಿ ಹೇಳುತ್ತಾನೆ: ‘ಗುಜರಿ ಅಲ್ಲ ಹೆಗ್ಡೇರೇ, ವಾಷರ್ ಹೋಗಿದೆ ಅಷ್ಟೆ.’

ಗುಜರಿ ಅಂಗಡಿಯವರ ಕೈಗೆ ಅದೇ ಪಂಪು ಹೋದರೆ ಅವರು ಜೇಬಿನಿಂದ ಅಯಸ್ಕಾಂತದ ತುಂಡು ತೆಗೆಯುತ್ತಾರೆ. ಕೊಳವೆಗೆ ಅಂಟುವುದಿಲ್ಲ, ಹಿತ್ತಾಳೆ. ಸ್ಟ್ಯಾಂಡಿಗೆ ಅಂಟುತ್ತದೆ, ಕಬ್ಬಿಣ. ರಬ್ಬರ್ ಪೈಪನ್ನು ಪಕ್ಕಕ್ಕೆ ಎಸೆಯುತ್ತಾರೆ, ಅದು ಕಸ. ಹಿತ್ತಾಳೆಗೆ ಒಂದು ದರ, ಕಬ್ಬಿಣಕ್ಕೆ ಅದಕ್ಕಿಂತ ಬಹಳ ಕಡಿಮೆ ದರ. ಅವರ ಬಾಯಲ್ಲಿ ಬರುವ ಪದ ‘ಮಾಲು’. ‘ಮಾಲು ಚೆನ್ನಾಗಿದೆ.’ ತೋಟದ ಮನೆಯಲ್ಲಿ ಗುಜರಿಯಾದದ್ದು ಗುಜರಿ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಗುಜರಿಯಾಗಿ ಉಳಿಯುವುದಿಲ್ಲ. ತಾಮ್ರ, ಹಿತ್ತಾಳೆ, ಬೀಡು (ಎರಕದ ಕಬ್ಬಿಣ), ತಗಡು, ರಟ್ಟು, ರದ್ದಿ ಎಂದು ಹಂಚಿಹೋಗುತ್ತದೆ.

ಯಜಮಾನರಿಗೆ ಕೆಲಸ ನಿಂತದ್ದು ಗುಜರಿ. ರಿಪೇರಿಯವನಿಗೆ ಸರಿಮಾಡಲಾಗದ್ದು ಮಾತ್ರ ಗುಜರಿ. ವ್ಯಾಪಾರಿಗೆ ಗುಜರಿ ಎಂಬುದು ಅಂಗಡಿಯ ಬೋರ್ಡು, ವಸ್ತುವಿನ ಹೆಸರಲ್ಲ. ಒಂದು ಪಂಪಿನಿಂದ ಹೀಗೆ ಮೂರು ಚೀಟಿ. ನಾಲ್ಕೈದು ವಸ್ತುಗಳನ್ನು (ಸ್ಕೂಟರ್, ಮಿಕ್ಸಿ, ನೀರಿನ ಮೋಟಾರು, ಕಬ್ಬಿಣದ ಮಂಚ) ಹೀಗೇ ಹಿಂಬಾಲಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತ 3: ವಿಭಕ್ತಿ ನೋಡಿ ಗುಂಪು ಮಾಡಿ

ಚೀಟಿಗಳನ್ನು ನೆಲದ ಮೇಲೆ ಹರಡಿ. ಮೊದಲ ಸಲ ಅರ್ಥ ನೋಡಿ ಗುಂಪು ಮಾಡಬೇಡಿ, ಪದದ ಬಾಲ ನೋಡಿ ಮಾಡಿ. ಕನ್ನಡದಲ್ಲಿ ಪದದ ಅರ್ಥ ಬದಲಾದಾಗ ಅದರ ಪ್ರತ್ಯಯ, ಅದು ಜೊತೆಗೂಡುವ ಕ್ರಿಯಾಪದ ಎರಡೂ ಸಾಮಾನ್ಯವಾಗಿ ಬದಲಾಗುತ್ತವೆ.

‘ಗುಜರಿಗೆ’ ಎಂದಿದ್ದರೆ ಮುಂದೆ ಬರುವುದು ಹಾಕು, ಕೊಡು, ಹೋಗು. ಈ ಮೂರೂ ಒಂದೇ ಅಲ್ಲ. ‘ಗುಜರಿಗೆ ಕೊಡು’ ಎಂದಾಗ ದುಡ್ಡಿನ ನಿರೀಕ್ಷೆಯಿದೆ. ‘ಗುಜರಿಗೆ ಹಾಕು’ ಎಂದಾಗ ತೊಲಗಲಿ ಎಂಬ ಬೇಸರ ಮೇಲಿದೆ, ದುಡ್ಡು ಬಂದರೆ ಬರಲಿ. ‘ಗುಜರಿಗೆ ಹೋಯ್ತು’ ಎಂದಾಗ ಸ್ವಲ್ಪ ನೋವು ಇರುತ್ತದೆ, ಅಪ್ಪನ ಕಾಲದ ಜೀಪಿನಂಥದ್ದಕ್ಕೆ ಬರುವ ಮಾತು ಅದು. ‘ಗುಜರಿಗೆ ಎಸೆ’ ಎಂದು ಯಾರೂ ಹೇಳುವುದಿಲ್ಲ. ಎಸೆಯುವುದು ತಿಪ್ಪೆಗೆ. ಈ ಒಂದು ಇಲ್ಲದ ಬಳಕೆಯೇ ಪದದ ಗುಟ್ಟು ಹೇಳುತ್ತದೆ: ಗುಜರಿ ಕಸವಲ್ಲ, ಅದಕ್ಕೆ ಬೆಲೆ ಉಳಿದಿದೆ. ಕೆಲಸ ಸತ್ತಿದೆ, ಬೆಲೆ ಸತ್ತಿಲ್ಲ.

‘ಗುಜರಿಯಲ್ಲಿ’, ಮಾತಿನಲ್ಲಿ ‘ಗುಜ್ರೀಲಿ’, ಎಂದರೆ ಅಂಗಡಿ, ಜಾಗ. ‘ಆ ಗೇರ್ ಎಲ್ಲೂ ಸಿಗಲ್ಲ, ಗುಜ್ರೀಲಿ ನೋಡು.’ ಇಲ್ಲಿ ಪದಕ್ಕೆ ಕೀಳು ಬಣ್ಣ ಕಿಂಚಿತ್ತೂ ಇಲ್ಲ. ಕಂಪನಿ ತಯಾರಿಸುವುದನ್ನು ನಿಲ್ಲಿಸಿದ ಭಾಗ ಸಿಗುವ ಕೊನೆಯ ಆಸರೆ ಅದು.

‘ಗುಜರಿ ಆಗು’ ಎಂಬುದು ತೀರ್ಪು. ಯಂತ್ರಕ್ಕೆ ಹೆಚ್ಚು, ಪೀಠೋಪಕರಣಕ್ಕೆ ಕಡಿಮೆ. ರಿಪೇರಿಯ ಖರ್ಚು ವಸ್ತುವಿನ ಬೆಲೆಗಿಂತ ಮೇಲೆ ಹೋಯಿತು ಎಂಬ ಲೆಕ್ಕ ಇದರ ಹಿಂದೆ ಇರುತ್ತದೆ.

ಪ್ರತ್ಯಯವೇ ಇಲ್ಲದೆ ಇನ್ನೊಂದು ನಾಮಪದದ ಮುಂದೆ ನಿಂತರೆ, ‘ಗುಜರಿ ಬಸ್ಸು’, ‘ಗುಜರಿ ಫೋನು’, ಅದು ಬೈಗುಳ. ಬಸ್ಸು ಓಡುತ್ತಿದೆ, ಫೋನು ಕರೆ ಹಿಡಿಯುತ್ತಿದೆ. ಆದರೂ ಹೇಳುವವರು ಅದನ್ನು ಬಸ್ಸೆಂದು ಒಪ್ಪಲು ತಯಾರಿಲ್ಲ, ತೂಕವಷ್ಟೇ ಎಂದು ಸಾರುತ್ತಿದ್ದಾರೆ. ‘ಗುಜರಿ ಅಂಗಡಿ’, ‘ಗುಜರಿ ವ್ಯಾಪಾರ’ ಕೂಡ ಇದೇ ರಚನೆ, ಅಲ್ಲಿ ಮಾತ್ರ ಬೈಗುಳವಲ್ಲ. ಈ ಎರಡನ್ನು ಬೇರೆ ಮಾಡಲು ‘ಆಗಿರುವ’ ಸೇರಿಸಿ ನೋಡಿ: ‘ಗುಜರಿ ಆಗಿರುವ ಬಸ್ಸು’ ಸರಿಹೋಗುತ್ತದೆ, ‘ಗುಜರಿ ಆಗಿರುವ ಅಂಗಡಿ’ ಎಂದರೆ ಅಂಗಡಿಯೇ ಹಾಳಾದಂತೆ.

ಎಣಿಕೆಯನ್ನೂ ಪರೀಕ್ಷಿಸಿ. ಹಳೆಯ ಸಾಮಾನು ಎಂಬ ಅರ್ಥದಲ್ಲಿ ‘ಎರಡು ಗುಜರಿ’ ಎನ್ನುವುದಿಲ್ಲ, ‘ಎರಡು ಕೆಜಿ ಗುಜರಿ’ ಎನ್ನುತ್ತೇವೆ. ‘ಗುಜರಿಗಳು’ ಎಂದು ಕೇಳಿಬಂದರೆ ಅದು ಅಂಗಡಿಗಳ ಬಗ್ಗೆಯೋ ಬರವಣಿಗೆಯಲ್ಲೋ ಆಗಿರುತ್ತದೆ. ಅಕ್ಕಿ, ಮರಳುಗಳಂತೆ ಇದೂ ತೂಗುವ ಪದ. ಬೈಗುಳವಾದಾಗ ಮಾತ್ರ ಎಣಿಕೆಗೆ ಸಿಗುತ್ತದೆ: ‘ಮನೇಲಿ ಎರಡು ಗುಜರಿ ನಿಲ್ಸಿದಾನೆ’, ಎರಡು ಹಳೆಯ ಗಾಡಿ ಎಂದು.

ಹಂತ 4: ನೆರೆಯ ಪದ ಹಾಕಿ ನೋಡಿ

ಪ್ರತಿ ವಾಕ್ಯದಲ್ಲೂ ‘ಗುಜರಿ’ ತೆಗೆದು ಇನ್ನೊಂದು ಪದ ಹಾಕಿ ಜೋರಾಗಿ ಓದಿ. ಎಲ್ಲಿ ಒಪ್ಪುವುದಿಲ್ಲವೋ ಅಲ್ಲಿ ಅರ್ಥದ ಗಡಿ ಇದೆ.

ಲಟಾರಿ ಹಾಕಿ. ‘ಆ ಲಟಾರಿ ಇನ್ನೂ ಬರ್ಲಿಲ್ಲ’ ಸರಿ. ‘ಲಟಾರಿಗೆ ಕೊಡು’ ಆಗುವುದಿಲ್ಲ. ಲಟಾರಿ ಎಂದರೆ ಲಟಲಟ ಸದ್ದು ಮಾಡಿಕೊಂಡಾದರೂ ಓಡಬೇಕು. ನಿಂತುಹೋದ ದಿನ ಅದು ಲಟಾರಿ ಪಟ್ಟ ಕಳೆದುಕೊಂಡು ಗುಜರಿಯಾಗುತ್ತದೆ. ಹಿರಿಯರ ಬಾಯಲ್ಲಿ ಇದೇ ಜಾಗಕ್ಕೆ ‘ಡಕೋಟಾ’ ಬರುತ್ತದೆ. ಡಿಸಿ-3 ವಿಮಾನಕ್ಕೆ ಬ್ರಿಟಿಷ್ ವಾಯುಪಡೆ ಇಟ್ಟಿದ್ದ ಹೆಸರು ಡಕೋಟಾ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ವಿಮಾನಗಳು ನಮ್ಮ ದೇಶದಲ್ಲಿ ಬಹಳ ವರ್ಷ ಪ್ರಯಾಣಿಕರನ್ನು ಹೊತ್ತವು. ಹಳತಾಗಿಯೂ ಹಾರಿದ ವಿಮಾನದ ಹೆಸರು ಘಾಟಿ ಏರುವ ಬಸ್ಸಿಗೆ ಅಂಟಿಕೊಂಡಿತು.

ಡಬ್ಬಾ ಹಾಕಿದಾಗ ಒಂದು ಸೂಕ್ಷ್ಮ ಹೊರಬೀಳುತ್ತದೆ. ‘ಹೊಸ ಫೋನು ತಗೊಂಡೆ, ಡಬ್ಬಾ’ ಎನ್ನಬಹುದು. ‘ಹೊಸ ಫೋನು ತಗೊಂಡೆ, ಗುಜರಿ’ ಎನ್ನುವಾಗ ನಾಲಿಗೆ ತಡವರಿಸುತ್ತದೆ. ಡಬ್ಬಾ ಹುಟ್ಟಿನಿಂದಲೇ ಟೊಳ್ಳು. ಗುಜರಿಗೆ ಒಳ್ಳೆಯ ದಿನಗಳು ಇದ್ದಿರಬೇಕು, ಒಂದು ಕಾಲದಲ್ಲಿ ಅದು ದುಡಿದಿರಬೇಕು. ಈ ವ್ಯತ್ಯಾಸವನ್ನು ಅರ್ಥ ಬರೆಯುವಾಗ ಮರೆಯಬಾರದು.

ಕಂಡಂ ಎಂಬುದು ಇಂಗ್ಲಿಷಿನ ಕಂಡೆಮ್ ನಮ್ಮ ಕಚೇರಿಗಳ ದಾರಿಯಲ್ಲಿ ಬಂದು ಆದ ಪದ. ಶಾಲೆಯ ಕೊಠಡಿ, ಇಲಾಖೆಯ ಜೀಪು ಕಂಡಂ ಆಗುತ್ತವೆ. ಅದನ್ನು ಹೇಳಲು ಅಧಿಕಾರ ಬೇಕು, ಕಾಗದ ಬೇಕು. ಗುಜರಿ ಎಂದು ಯಾರು ಬೇಕಾದರೂ ಹೇಳಬಹುದು.

ಮರ, ಹಗ್ಗ, ಬಟ್ಟೆಗೆ ಬಂದರೆ ಗುಜರಿ ಸೋಲುತ್ತದೆ. ಎಳೆಯ ಕಸುವು ಹೋದ ಹಗ್ಗ ಲಡ್ಡು. ಹೊರಗೆ ಗಟ್ಟಿ ಕಂಡು ಒಳಗೆ ತಿಂದುಹೋದ ತೊಲೆ ಕುಂಬು; ಕತ್ತಿಯ ಹಿಂಬದಿಯಿಂದ ತಟ್ಟಿದರೆ ಠಣ್ ಎನ್ನುವ ಬದಲು ಬದ್ ಎನ್ನುತ್ತದೆ. ಹರಿದ ಬಟ್ಟೆ ಚಿಂದಿ. ಈ ಚಿಂದಿಯೂ ಹುಡುಗರ ಬಾಯಲ್ಲಿ ತಲೆಕೆಳಗಾಗಿ ‘ಚಿಂದಿ ಗುರು’ ಎಂದರೆ ಅಮೋಘ ಎಂದಾಗಿದೆ. ಗುಜರಿ ಆ ದಾರಿ ಹಿಡಿದಿಲ್ಲ.

ಹಂತ 5: ಯಾವುದಕ್ಕೆ ಅಂಟುವುದಿಲ್ಲ ಎಂದು ಪಟ್ಟಿ ಮಾಡಿ

ಒಂದು ಪದದ ಅರ್ಥ ಅದು ಹೋಗುವ ಜಾಗದಲ್ಲಿ ಇರುವಷ್ಟೇ ಹೋಗದ ಜಾಗದಲ್ಲೂ ಇರುತ್ತದೆ. ಹಾಲು ಬತ್ತಿದ ಹಸು ಗೊಡ್ಡು, ಗುಜರಿಯಲ್ಲ. ಕೆಳದರ್ಜೆಯ ಅಡಿಕೆಗೆ ಗೊರಬಲು ಮೊದಲಾದ ಅದರದೇ ಹೆಸರುಗಳಿವೆ, ಶಿವಮೊಗ್ಗದ ಮಂಡಿಯಲ್ಲಿ ಯಾರೂ ಅಡಿಕೆಯನ್ನು ಗುಜರಿ ಎನ್ನುವುದಿಲ್ಲ. ಒಡೆದ ಮಂಗಳೂರು ಹೆಂಚು ಗುಜರಿಯಲ್ಲ, ಅದನ್ನು ತೂಕಕ್ಕೆ ಕೊಳ್ಳುವವರಿಲ್ಲ.

ಹಾಗಾದರೆ ‘ತೂಕಕ್ಕೆ ಮಾರುವ ಮುರುಕು ವಸ್ತು’ ಎಂದರೆ ಸಾಕೇ? ಸಾಲದು. ಮುರಿದ ಬಂಗಾರದ ಬಳೆಯನ್ನೂ ತೂಕಕ್ಕೇ ಮಾರುತ್ತೇವೆ, ಅದನ್ನು ಗುಜರಿ ಎಂದರೆ ಮನೆಯಲ್ಲಿ ಜಗಳವಾಗುತ್ತದೆ. ಬಂಗಾರ ಮುರಿದರೂ ಬೆಲೆ ಬೀಳಲಿಲ್ಲ. ತಾಮ್ರದ ಹಂಡೆ ಇವೆರಡರ ನಡುವೆ ಇದೆ. ಕೆಲವರು ಗುಜರಿಗೆ ಕೊಟ್ಟೆವು ಎನ್ನುತ್ತಾರೆ. ಅಜ್ಜಿಯಂದಿರು ಆ ಮಾತು ಒಪ್ಪದೆ ‘ಹಳೇ ಪಾತ್ರೆ ಹಾಕಿ ಹೊಸದು ತಂದ್ವಿ’ ಎನ್ನುತ್ತಾರೆ. ಇಂಥ ನಡುವಿನ ವಸ್ತು ಸಿಕ್ಕರೆ ಬಿಡಬೇಡಿ, ಆರೇಳು ಜನರ ಬಾಯಲ್ಲಿ ಕೇಳಿ. ಗಡಿ ಕಾಣುವುದು ಅಲ್ಲೇ. ವಸ್ತುವಾಗಿ ಇದ್ದ ಬೆಲೆಯಿಂದ ತೂಕದ ಬೆಲೆಗೆ ಇಳಿದದ್ದು ಗುಜರಿ. ಆ ಇಳಿತವೇ ಪದದ ತಿರುಳು.

ಹಂತ 6: ಯಾರ ವಸ್ತುವಿಗೆ ಯಾರು ಹೇಳಿದರು

ಚೀಟಿಯಲ್ಲಿ ‘ವಸ್ತು ಯಾರದು’ ಎಂದು ಬರೆಸಿದ್ದು ಇದಕ್ಕಾಗಿ. ‘ತಡಿ, ನನ್ ಗುಜರಿ ತಗೊಂಡ್ ಬರ್ತೀನಿ’ ಎಂದು ಸ್ವಂತ ಸ್ಕೂಟರಿಗೆ ಹೇಳಿದರೆ ಅದು ಸಲಿಗೆ, ಪ್ರೀತಿ. ಅದೇ ಸ್ಕೂಟರಿಗೆ ಪಕ್ಕದ ಮನೆಯವರು ಹೇಳಿದರೆ ಮುಖ ಸಪ್ಪಗಾಗುತ್ತದೆ. ಅರ್ಥ ಅದೇ, ಧಾಟಿ ಬೇರೆ. ಕೊನೆಗೆ ನಿಘಂಟಿನಲ್ಲಿ ಅರ್ಥಗಳಿಗೆ ಸಂಖ್ಯೆ ಹಾಕಿ ಬರೆಯುವಾಗ ಇದಕ್ಕೆ ಬೇರೆ ಸಂಖ್ಯೆ ಕೊಡಬೇಡಿ, ಬೈಗುಳದ ಅರ್ಥದ ಕೆಳಗೇ ‘ಸ್ವಂತ ವಸ್ತುವಿಗೆ ಸಲಿಗೆಯಿಂದ’ ಎಂದು ಸೂಚಿಸಿ.

ಮನುಷ್ಯರಿಗೆ ಈ ಪದ ಬಂದಾಗ ಇನ್ನಷ್ಟು ಎಚ್ಚರ ಬೇಕು. ‘ವಯಸ್ಸಾದ್ಮೇಲೆ ನಮ್ಮನ್ನೂ ಗುಜರಿಗೆ ಹಾಕ್ತಾರೆ’ ಎಂದು ಹಿರಿಯರು ತಮ್ಮ ಬಗ್ಗೆಯೇ ಹೇಳಿಕೊಳ್ಳುವುದುಂಟು. ಅಲ್ಲಿ ನೋವಿದೆ. ಅದನ್ನು ತಮಾಷೆಯ ಬಳಕೆ ಎಂದು ಗುರುತು ಹಾಕಿದರೆ ಸುಳ್ಳು ಬರೆದಂತೆ.

ಇನ್ನೊಂದು, ‘ಗುಜರಿಯವನು’. ಹಳೆಯ ಸಾಮಾನು ಕೊಳ್ಳುವವರನ್ನು ಊರಲ್ಲಿ ಹೀಗೇ ಕರೆಯುತ್ತೇವೆ. ಪದಸಂಗ್ರಹದಲ್ಲಿ ಈ ರೂಪ ಇರಲೇಬೇಕು, ಏಕೆಂದರೆ ಜನ ಆಡುತ್ತಾರೆ. ಆದರೆ ವಿವರಣೆಯಲ್ಲಿ ನೀವು ಬರೆಯುವಾಗ ‘ಗುಜರಿ ವ್ಯಾಪಾರಿಗಳು’ ಎಂದೇ ಬರೆಯಿರಿ. ಅಂಗಡಿಗೆ ವಾಕ್ಯ ಕೇಳಲು ಹೋದಾಗಲೂ ಅಣ್ಣ, ಭಾಯಿ ಎಂದೇ ಮಾತಾಡಿಸಿ, ಏಕವಚನ ಬೇಡ. ಅವರ ದುಡಿಮೆಯಿಂದಲೇ ನಮ್ಮ ಹಳ್ಳ ಹೊಳೆಗಳಿಗೆ ಬೀಳುವ ಎಷ್ಟೋ ವಸ್ತು ತಪ್ಪಿದೆ. ತೂಕದ ಗಲಾಟೆಯಿಲ್ಲದ ಮಧ್ಯಾಹ್ನದ ಹೊತ್ತಿಗೆ ಹೋದರೆ ಮಾತಿಗೆ ಸಿಗುತ್ತಾರೆ.

ಹಂತ 7: ಕಾನೂನಿನ ಗುಜರಿಯನ್ನು ಬೇರೆ ಕಟ್ಟಿ

ಕೇಂದ್ರ ಸರ್ಕಾರ 2021ರಲ್ಲಿ ವಾಹನ ನಾಶದ ನೀತಿ ತಂದಾಗ ಕನ್ನಡ ಪತ್ರಿಕೆಗಳು ಹೊಸ ಪದ ಕಟ್ಟಲು ಹೋಗದೆ ‘ಗುಜರಿ ನೀತಿ’ ಎಂದು ಬರೆದವು. ಬೀದಿಯ ಮಾತು ನೇರವಾಗಿ ಆಡಳಿತದ ಕನ್ನಡಕ್ಕೆ ಹತ್ತಿತು. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ ಎಂದಾದ ಮೇಲೆ ಈ ಬಳಕೆ ಇನ್ನೂ ಹೆಚ್ಚಿತು.

ಇಲ್ಲಿ ‘ಗುಜರಿಗೆ ಹಾಕು’ ಎಂದರೆ ನೋಂದಣಿ ರದ್ದಾಗಿ, ಅನುಮತಿ ಪಡೆದ ಕೇಂದ್ರದಲ್ಲಿ ಬಿಚ್ಚಿಹಾಕುವುದು. ಆಡುಮಾತಿನ ‘ಗುಜರಿಗೆ ಹಾಕು’ ಎಂದರೆ ಗಾಡಿ ತಳ್ಳಿಕೊಂಡು ಹೋಗಿ ಅಂಗಡಿಗೆ ಕೊಟ್ಟು ಬರುವುದು. ಈ ಎರಡರ ನಡುವೆ ಗೊಂದಲವಾದರೆ ಪದಕ್ಕಷ್ಟೇ ಅಲ್ಲ, ಮನುಷ್ಯನಿಗೂ ತೊಂದರೆ. ವಾಹನ ಶಾಶ್ವತವಾಗಿ ಬಳಕೆಗೆ ಬಾರದಂತಾದರೆ ಮಾಲೀಕರು ಹದಿನಾಲ್ಕು ದಿನದೊಳಗೆ ಅಥವಾ ಆದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ, ಅಂದರೆ ಆರ್‌ಟಿಓಗೆ, ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಬರಿದೇ ಅಂಗಡಿಗೆ ಕೊಟ್ಟರೆ ಗಾಡಿ ದಾಖಲೆಯಲ್ಲಿ ಅವರ ಹೆಸರಿನಲ್ಲೇ ಜೀವಂತವಾಗಿರುತ್ತದೆ. ನಿಘಂಟಿನಲ್ಲಿ ಇದಕ್ಕೆ ಖಂಡಿತ ಬೇರೆ ಸಂಖ್ಯೆ ಬೇಕು.

ಹಂತ 8: ಮೂಲ ಹುಡುಕುವುದು ಕೊನೆಗೆ

ಉರ್ದುವಿನಲ್ಲಿ ಗುಜ್ರಿ ಎಂದರೆ ದಾರಿಬದಿಯಲ್ಲಿ ಸಂಜೆಹೊತ್ತು ಕೂಡುವ ಸಂತೆ. ಹಾದುಹೋಗುವುದು ಎಂಬ ಅರ್ಥದ ಪಾರಸಿ ‘ಗುಜರ್’ ಅದರ ಬೇರು. ಹೋಗುವವರು ಬರುವವರು ನಿಂತು ಕೊಳ್ಳುವ ಹಳೆಯ ಸಾಮಾನಿನ ಸಂತೆ, ಆಮೇಲೆ ಅಲ್ಲಿ ಸಿಗುವ ಸಾಮಾನು, ಆಮೇಲೆ ಅಂಥ ಸಾಮಾನಿಗೆ ಯೋಗ್ಯವಾದ ಯಾವುದೇ ವಸ್ತು: ಅರ್ಥ ಜಾರಿದ ದಾರಿ ಹೀಗಿರಬೇಕು. ‘ಗುಜ್ರೀಲಿ ನೋಡು’ ಎಂಬ ಜಾಗದ ಅರ್ಥವೇ ಹಳೆಯದು, ಬೈಗುಳ ಹೊಸದು ಎನ್ನಬಹುದು. ನಮ್ಮ ಕಂದಾಯ ಕಚೇರಿಗಳ ಹಳೆಯ ಮಾತು ‘ಅರ್ಜಿ ಗುಜರಾಯಿಸು’ ಕೂಡ ಇದೇ ಬೇರಿನದು. ಉತ್ತರ ಕರ್ನಾಟಕದಲ್ಲಿ ಜೀವನೋಪಾಯಕ್ಕೆ ಹೇಳುವ ‘ಗುಜರಾನು’ ಕೂಡ.

ಇಲ್ಲಿ ಮೂರು ತಪ್ಪು ಪದೇ ಪದೇ ಆಗುತ್ತವೆ. ಸದ್ದು ಹೋಲುತ್ತದೆಂದು ಗುಜರಾತಿಗೆ ಗಂಟು ಹಾಕುವುದು ಒಂದು. ಗುರ್ಜರಿ ರಾಗಕ್ಕೆ ಸಂಬಂಧ ಕಲ್ಪಿಸುವುದು ಇನ್ನೊಂದು. ಮೂರನೆಯದು ಓದಿಕೊಂಡವರು ಮಾಡುವ ತಪ್ಪು: 1763ರಲ್ಲಿ ಹೈದರ್ ಅಲಿ ಬಿದನೂರು ಹಿಡಿದ, ಆಗ ಪಾರಸಿ ಪದಗಳು ಬಂದವು, ಆದ್ದರಿಂದ ಗುಜರಿಯೂ ಆಗಲೇ ಬಂತು ಎನ್ನುವುದು. ಆ ಕಾಲದ ಬರಹದಲ್ಲಿ ಪದ ಕಣ್ಣಿಗೆ ಬೀಳದೆ ವರ್ಷ ಬರೆಯಕೂಡದು.

ನಿಘಂಟುಗಳನ್ನು ನೋಡುವುದೂ ಈ ಹಂತದಲ್ಲೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳು, ಅಂತರ್ಜಾಲದ ‘ಅಲರ್’. ಮೊದಲೇ ನೋಡಿದರೆ ಅಲ್ಲಿರುವ ಅರ್ಥವನ್ನೇ ಕಿವಿ ಹುಡುಕಲು ಶುರುಮಾಡುತ್ತದೆ, ಇಲ್ಲದ್ದು ಕೇಳಿಸುವುದಿಲ್ಲ. ಪಕ್ಕದ ಸೀಮೆಯ ರೂಪಗಳನ್ನೂ ಒಂದು ಚೀಟಿಯಲ್ಲಿ ಬರೆದಿಡಿ: ಘಟ್ಟದ ಕೆಳಗೆ ಗುಜಿರಿ, ಹುಬ್ಬಳ್ಳಿ ಕಡೆ ಇದೇ ಜಾಗಕ್ಕೆ ಮೋಡಕಾ.

ಹಂತ 9: ಬರೆಯುವುದು

ಅರ್ಥಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಬಹುದು, ಹೆಚ್ಚು ಬಳಕೆಯದರಿಂದ ಕಡಿಮೆಯದಕ್ಕೂ ಜೋಡಿಸಬಹುದು. ಊರಿನ ಪದಕೋಶಕ್ಕೆ ಎರಡನೆಯದೇ ಒಳ್ಳೆಯದು, ಓದುವವರು ತಾವು ಆಡುವ ಅರ್ಥವನ್ನು ಮೊದಲು ಹುಡುಕುತ್ತಾರೆ. ಪ್ರತಿ ಅರ್ಥಕ್ಕೂ ಒಂದು ವಾಕ್ಯ ಇರಲೇಬೇಕು. ವಿವರಣೆಯಲ್ಲಿ ‘ಇತ್ಯಾದಿ’ ಬರೆಯಬೇಕೆನಿಸಿದರೆ ಆ ಅರ್ಥ ಇನ್ನೂ ಬಿಡಿಸಿಲ್ಲ ಎಂದು ತಿಳಿದು ಚೀಟಿಗಳಿಗೆ ಮರಳಿ.

ಗುಜರಿ (ನಾಮಪದ, ಆಡುಮಾತಿನಲ್ಲಿ ಗುಜ್ರಿ)

1. ಮೂಲ ಉಪಯೋಗ ಕಳೆದುಕೊಂಡು ತೂಕದ ಬೆಲೆಗೆ ಇಳಿದ ಲೋಹ, ಕಾಗದ, ಪ್ಲಾಸ್ಟಿಕ್ ಸಾಮಾನು. ಬಹುವಚನವಿಲ್ಲ. ‘ಅಟ್ಟದ ಮೇಲೆ ಒಂದು ಚೀಲ ಗುಜರಿ ಇದೆ.’

2. ಅಂಥ ಸಾಮಾನು ಕೊಳ್ಳುವ, ಮಾರುವ ಅಂಗಡಿ. ಹೆಚ್ಚಾಗಿ ‘ಗುಜರಿಗೆ’, ‘ಗುಜ್ರೀಲಿ’ ರೂಪದ ಜೊತೆ. ‘ಆ ಗೇರ್ ಗುಜ್ರೀಲಿ ನೋಡು.’

3. (‘ಆಗು’ ಜೊತೆ) ರಿಪೇರಿಯ ಖರ್ಚು ಬೆಲೆಯನ್ನು ಮೀರಿದ ಸ್ಥಿತಿ, ಮುಖ್ಯವಾಗಿ ಯಂತ್ರದ್ದು. ‘ಮೋಟಾರು ಗುಜರಿ ಆಗಿದೆ.’

4. (ಇನ್ನೊಂದು ನಾಮಪದದ ಮುಂದೆ ಅಥವಾ ಒಂಟಿಯಾಗಿ, ಹೀನಾರ್ಥ) ಇನ್ನೂ ನಡೆಯುತ್ತಿದ್ದರೂ ಬೇಸರ ತರಿಸುವ ಹಳೆಯ ವಾಹನ, ಯಂತ್ರ. ಸ್ವಂತ ವಸ್ತುವಿಗೆ ಸಲಿಗೆಯಿಂದ. ‘ಆ ಗುಜರಿ ಇನ್ನೂ ಬರ್ಲಿಲ್ಲ ಮಾರಾಯ.’

5. (‘ಗುಜರಿಗೆ ಹಾಕು’ ರೂಪದಲ್ಲಿ, ಮನುಷ್ಯರಿಗೆ) ಉಪಯೋಗ ಮುಗಿಯಿತೆಂದು ದೂರ ಮಾಡು. ನೋವಿನ ಮಾತು. ‘ವಯಸ್ಸಾದ್ಮೇಲೆ ನಮ್ಮನ್ನೂ ಗುಜರಿಗೆ ಹಾಕ್ತಾರೆ.’

6. (ಆಡಳಿತ, 2021ರಿಂದ ವ್ಯಾಪಕ) ನೋಂದಣಿ ರದ್ದುಪಡಿಸಿ ವಾಹನವನ್ನು ಕಾನೂನು ಪ್ರಕಾರ ಬಿಚ್ಚಿಹಾಕುವುದು. ‘ಗುಜರಿ ನೀತಿ.’

ಇದನ್ನು ಬರೆದು ಮುಗಿಸಿದ ಮೇಲೆ, ಮೊದಲು ವಾಕ್ಯ ಕೊಟ್ಟವರಲ್ಲಿ ಇಬ್ಬರು ಮೂವರಿಗೆ ಓದಿ ಹೇಳಿ. ‘ಹೌದು’ ಎಂದರೆ ಸಾಲದು. ‘ಹೌದು, ಆದ್ರೆ ನಮ್ಮಲ್ಲಿ ಇನ್ನೊಂದು ತರ ಅಂತಾರೆ’ ಎಂಬ ಮಾತಿಗೆ ಕಾಯಿರಿ, ಏಳನೇ ಅರ್ಥವೋ ನಾಲ್ಕನೆಯದಕ್ಕೆ ತಿದ್ದುಪಡಿಯೋ ಅಲ್ಲಿಂದಲೇ ಬರುತ್ತದೆ. ಚೀಟಿಗಳನ್ನು ಎಸೆಯಬೇಡಿ. ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲೆ ಒಂದು ಹಿಡಿ ಒಣ ಇದ್ದಿಲನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟು, ಮುಚ್ಚಳ ಬಿಗಿ ಮಾಡಿ ಒಲೆಯ ಮೇಲಿನ ಅಟ್ಟದಲ್ಲಿಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಜಾಗ ಮಲೆನಾಡಿನ ಮನೆಯಲ್ಲಿ ಅದೊಂದೇ. ದಸರಾ ಬಿಸಿಲಿಗೆ ಒಮ್ಮೆ ತೆಗೆದು ಹರಡಿ, ಇದ್ದಿಲು ಬದಲಾಯಿಸಿ, ಆ ವರ್ಷ ಹೊಸದಾಗಿ ಕೇಳಿದ ವಾಕ್ಯಗಳನ್ನು ಸೇರಿಸಿ ಮತ್ತೆ ಮುಚ್ಚಿಡಿ.